ನೂರು ಎಣಿಸದ ಗಾಜು

ತುಷಾರನ ಬೈಕಿನಿಂದ ಇಳಿದವಳು ಯಾರು...?

ಮಿರಜಿನ ಆ ಕ್ಷಯರೋಗ ಸಂಶೋಧನಾ ಲ್ಯಾಬಿನ ಕಿಟಕಿಯಲ್ಲಿ ನಿಂತಿದ್ದ ಶಾಲನ ಸರಳು ಹಿಡಿದು ಬಗ್ಗಿ ನೋಡಿದಳು. ಮುಖಕ್ಕೆ ಮಾಸ್ಕು, ಹೆಗಲಿಗೆ ಚಂದದ ಚರ್ಮದ ಬ್ಯಾಗು. ಇಳಿಯುವಾಗ ತುಷಾರನ ಭುಜದ ಮೇಲೆ ಕೈಯಿಟ್ಟೇ ಇಳಿದಳು!

ಐದೇ ನಿಮಿಷ. ಆಕೆ ಲ್ಯಾಬಿನ ಬಾಗಿಲಲ್ಲಿದ್ದಳು.

"ಅಗ, ನೀನೇ ಶಾಲನ ಅಲ್ಲ? ನಾ ಋತುಜಾ. ಪುಣೆದಿಂದ ಬಂದ ಹೊಸ ಡಾಕ್ಟರ್. ಮುಂಜಾನಿಂದ ತುಷಾರನ ಜೊತಿ ಬುಧಗಾಂವ ಊರೆಲ್ಲಾ ತಿರುಗಿ ಬಂದೆ. ಅಂವಾ ನಿನ್ನ ಬಗ್ಗೆ ಭಾಳ ಹೇಳ್ತಾನ!"

"ಹೌದ್ರಿ? ಏನ್ ಹೇಳ್ತಾನ್ರಿ?"

"ಅವನ್ನೇ ಕೇಳು," ಎಂದು ಋತುಜಾ ಕಣ್ಣಲ್ಲೇ ನಕ್ಕಳು.

ಒಂದೇ ದಿನಕ್ಕೆ ಅಷ್ಟು ಸಲುಗೆ! ಶಾಲನ ಕೈಗವಸು ಎಳೆದುಕೊಂಡ ರಭಸಕ್ಕೆ ಅದು ಹರಿದೇ ಹೋಯಿತು.

ಹೊಸ ಯಂತ್ರ ಹಿಡಿಯುವ ಕ್ಷಯವನ್ನು ಸೂಕ್ಷ್ಮದರ್ಶಕದ ಮುಂದೆ ಕೂತ ಮನುಷ್ಯರ ಕಣ್ಣು ಎಷ್ಟರಮಟ್ಟಿಗೆ ಹಿಡಿಯುತ್ತದೆ? ಅದೇ ಆ ಲ್ಯಾಬಿನ ಅಧ್ಯಯನ. ತುಷಾರ ಹಳ್ಳಿಹಳ್ಳಿ ತಿರುಗಿ ಕೆಮ್ಮುವವರ ಕಫ ತರುತ್ತಿದ್ದ. ಶಾಲನ ಅದನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡುತ್ತಿದ್ದಳು. ಗಾಜಿನ ಮೇಲೆ ನಂಬರು ಮಾತ್ರ, ಹೆಸರಿಲ್ಲ. ಯಾರದು ಎಂದು ಓದುವವರಿಗೆ ಗೊತ್ತಾಗಬಾರದು.

ಎರಡು ವರ್ಷದಿಂದ ದಿನಾ ನಾಲ್ಕಕ್ಕೆ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದರು. 'ಪ್ರೀತಿ' ಎಂಬ ಮಾತು ಇನ್ನೂ ಯಾರ ಬಾಯಿಂದಲೂ ಬಂದಿರಲಿಲ್ಲ. ಆದರೆ ಬರುತ್ತದೆ ಎಂದು ಶಾಲನಳಿಗೆ ಗೊತ್ತಿತ್ತು.

ಋತುಜಾ ಬಂದ ವಾರಕ್ಕೇ ತುಷಾರ ಆ ಕೋಣೆಗೆ ಬರುವುದನ್ನು ಬಿಟ್ಟ.

ಈಗ ಅವನ ಜಾಗ ಹೊರಗಿನ ಬೇವಿನ ಮರದ ಕೆಳಗೆ. ಎದುರಿಗೆ ಋತುಜಾ. ಶಾಲನ ಹತ್ತಿರ ಹೋದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ!

"ಚಹಾಕ್ಕ ಯಾಕ ಬರವಲ್ಲಿ?"

"ಕೆಲಸ ಐತಿ..."

"ಮರದ ಕೆಳಗ ಏನ್ ಕೆಲಸ?"

ಅವನು ನೆಲ ನೋಡಿದ.

ಕಾವಲುಗಾರ ಜಟ್ಟೆಪ್ಪ ಬೇರೆ ಗಾಯಕ್ಕೆ ಉಪ್ಪು ಸವರಿದ. "ಅಕ್ಕಾರ, ನಿಮ್ಮ ತುಷಾರ ಆ ಡಾಕ್ಟರಮ್ಮನ ಡ್ರೈವರ್ ಆದ್ನಲ್ರಿ!"

'ಹೌದು... ಆಕಿ ಪುಣೆಯ ಡಾಕ್ಟರ್. ನಾನು ಸಂಜಿ ಕ್ಲಾಸಿನ್ಯಾಗ ಲ್ಯಾಬ್ ಕೆಲಸ ಕಲತಾಕಿ. ನನ್ನ ಯಾಕ ನೋಡ್ತಾನ?'

ಅವತ್ತು ಲ್ಯಾಬಿನ ಯಂತ್ರ ಕೆಟ್ಟು ನಾಲ್ಕನೆಯ ದಿನ; ಸೂಕ್ಷ್ಮದರ್ಶಕವೇ ಗತಿ. ಸಂಜೆ ಐದಕ್ಕೆ ಋತುಜಾ ತಾನೇ ಬಣ್ಣ ಹಾಕಿದ ಒಂದು ಗಾಜು ತಂದು ಮೇಜಿನ ಮೇಲಿಟ್ಟಳು.

"ಶಾಲನ, ಪ್ಲೀಜ್, ಇದು ಇವತ್ತೇ ಬೇಕು. ಸಾವಕಾಶ ನೋಡು."

'ಆಜ್ಞೆ ಮಾಡಾಕ ನಿಂತ್ಲು!'

ಶಾಲನ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಳು. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳಿದ್ದರೆ ಕ್ಷಯ. ಇಲ್ಲ ಎಂದು ಬರೆಯಬೇಕಾದರೆ ಗಾಜನ್ನು ಸರಿಸುತ್ತಾ ನೂರು ಜಾಗ ನೋಡಲೇಬೇಕು, ಒಂದೂ ಕಡಿಮೆಯಿಲ್ಲ. ಅದು ನಿಯಮ. ಒಂದು... ಹತ್ತು... ಮೂವತ್ತು...

ನಲವತ್ತನೆಯ ಜಾಗಕ್ಕೆ ಬಂದಾಗ ಹೊರಗಿನಿಂದ ತುಷಾರನ ನಗು ಕೇಳಿಸಿತು. ತಲೆಯೆತ್ತಿದಳು. ಋತುಜಾ ಅವನ ಬೆನ್ನು ತಟ್ಟುತ್ತಿದ್ದಳು!

ಕಣ್ಣು ಮಂಜಾಯಿತು. ಮುಂದಿನ ಅರವತ್ತು ಜಾಗಗಳನ್ನು ಶಾಲನ ನೋಡಲೇ ಇಲ್ಲ.

'ನೆಗೆಟಿವ್' ಎಂದು ಬರೆದು, ಚೀಟಿಯನ್ನು ಋತುಜಾಳ ಮೇಜಿನ ಮೇಲೆ ಒಗೆದು ಹೊರಟುಬಿಟ್ಟಳು.

ತನ್ನೂರು ಆರಗದ ಬಸ್ಸಿನಲ್ಲಿ ಕೂತಾಗ ತುಷಾರನ ಮೆಸೇಜು ಬಂತು.

'ನಾಳೆ ನಿನ್ನ ಮುಂದ ಎಲ್ಲಾ ಹೇಳ್ತೇನಿ. ಇವತ್ತ ನನಗ ಭಾಳ ಖುಷಿ ಆಗೇತಿ!'

ಎಲ್ಲಾ ಅಂದರೆ...? ಋತುಜಾಳ ಜೊತೆ ಮದುವೆ? ಅಳು ಒತ್ತಿಬಂತು. ಆದರೆ ಆ ಅಳುವಿನ ಅಡಿಯಲ್ಲಿ ಇನ್ನೊಂದು ಸಂಕಟ ಕಡಿಯುತ್ತಿತ್ತು. ಆ ಗಾಜು ಯಾರದೋ! ಯಾವ ಮನೆಯ ಮಗನೋ, ಯಾವ ಕೂಸಿನ ತಾಯಿಯೋ! 'ರೋಗ ಇಲ್ಲ' ಎಂದು ನಂಬಿ ಇವತ್ತೇ ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡರೆ...?

'ನನ್ನ ಹೊಟ್ಟಿಕಿಚ್ಚಿಗೆ ಅವರ್ಯಾಕ ಸಾಯಬೇಕು?'

"ಕಂಡಕ್ಟರ್, ನಿಲ್ಲಸ್ರಿ! ಇಳೀಬೇಕ್ರಿ!"

"ಈಗರ ಹತ್ತೀರಲ್ರಿ ತಾಯಿ?"

"ತಪ್ಪಾಗೇತ್ರಿ!"

ಆರೂಕಾಲಿಗೆ ಜಟ್ಟೆಪ್ಪನಿಂದ ಬಾಗಿಲು ತೆಗೆಸಿದಳು. ಗಾಜನ್ನು ಮತ್ತೆ ಇಟ್ಟು ಮೊದಲಿನಿಂದ ಎಣಿಸಿದಳು. ಎಪ್ಪತ್ತು... ಎಪ್ಪತ್ತೊಂದು.

ಒಂದು ಕೆಂಪು ಕಡ್ಡಿ.

ಎಂಬತ್ತೆಂಟರಲ್ಲಿ ಮತ್ತೆರಡು.

ನೂರಕ್ಕೆ ಮೂರೇ ಮೂರು. ಆದರೂ ಕ್ಷಯ ಕ್ಷಯವೇ! ಋತುಜಾಳಿಗೆ ಫೋನು ಮಾಡಿದಳು.

ಋತುಜಾ ಓಡಿಬಂದಳು. ತಾನೂ ನೋಡಿದಳು.

"ಮೇಡಂ, ನಾ ನೂರು ನೋಡ್ಲಿಲ್ರಿ. ನಲವತ್ತಕ್ಕ ಬಿಟ್ಟೆ. ಸಿಟ್ಟಿನ್ಯಾಗಿದ್ದೆ. ನನ್ನ ಕೆಲಸದಿಂದ ತಗದ್ರೂ ಚಿಂತಿಲ್ರಿ..."

"ಯಾರ ಮ್ಯಾಲ ಸಿಟ್ಟು?"

"ನಿಮ್ಮ ಮ್ಯಾಲ್ರಿ."

"ನನ್ನ ಮ್ಯಾಲ?" ಋತುಜಾ ಕಣ್ಣರಳಿಸಿದಳು. ಶಾಲನಳ ನೋಟ ಹೊರಗಿನ ಬೇವಿನ ಮರದ ಕಡೆ ಹೋದದ್ದನ್ನು ಕಂಡು ಹಣೆ ಚಚ್ಚಿಕೊಂಡಳು. "ಅಗ ವೇಡೇ! ಹುಚ್ಚಿ! ನನಗ ಮದವಿ ಆಗಿ ನಾಲ್ಕು ವರ್ಷ ಆತು!"

ಶಾಲನ ತಲೆಯೆತ್ತಿ ಆಕೆಯ ಮುಖ ನೋಡಿದಳು.

"ತಪ್ಪು ಬರದದ್ದು ದೊಡ್ಡ ತಪ್ಪು. ರಿಜಿಸ್ಟರಿನ್ಯಾಗ ಹಂಗೇ ಬರೀತೇನಿ. ತಿರುಗಿ ಬಂದು ನೋಡಿದ್ದನ್ನೂ ಬರೀತೇನಿ. ಉಳಿದದ್ದು ನಾ ಹೇಳೂವಂಗಿಲ್ಲ," ಎಂದು ಋತುಜಾ ಫೋನು ಹಿಡಿದು ಹೊರಗೆ ಹೋದಳು.

ಸ್ವಲ್ಪ ಹೊತ್ತಿಗೆ ಗೇಟಿನ ಹತ್ತಿರ ಬೈಕು ನಿಂತಿತು. ತುಷಾರ ಅಂಗಳದ ಆ ತುದಿಯಲ್ಲೇ ನಿಂತ. ಶಾಲನ ಮೆಟ್ಟಿಲಿಳಿದಳು.

"ಅಲ್ಲೇ ನಿಲ್ಲು!" ಎಂದ. ಮಾಸ್ಕಿನೊಳಗಿಂದ ಒಣ ಕೆಮ್ಮು ಬಂತು. "ಆ ಗಾಜು ನಂದು ಶಾಲನ."

ಭೂಮಿ ಬಾಯಿಬಿಟ್ಟಂತಾಯಿತು.

"ಮೂರು ವಾರದಿಂದ ಕೆಮ್ಮು. ಮೊದಲ ಸಲ ನೋಡಿದಾಗ ಏನೂ ಸಿಗಲಿಲ್ಲ, ಆದ್ರೂ ಡಾಕ್ಟರ್ ಬಿಡಲಿಲ್ಲ, ಮತ್ತ ಕಫ ತಗೊಂಡ್ರು. ಆ ಗಾಳಿ ಇಲ್ಲದ ಕೋಣ್ಯಾಗ ನಿನ್ನ ಪಕ್ಕ ಹೆಂಗ ಕುಂದ್ರಲಿ? ಇವತ್ತ ಇಲ್ಲ ಅಂತ ಚೀಟಿ ಬಂದ ಮ್ಯಾಲ... ಮನ್ಯಾಗ ಅಕ್ಕನ ಮಗಳನ್ನ ಎತ್ತಿ ಆಡಸಾಂವ ಇದ್ದೆ. ಅಷ್ಟರಾಗ ಫೋನ್ ಬಂತು."

ಶಾಲನ ಬಾಯಿ ಮುಚ್ಚಿಕೊಂಡಳು. ಇನ್ನರ್ಧ ಗಂಟೆ ತಡವಾಗಿದ್ದರೆ!

"ನನ್ನ ಕ್ಷಮಿಸು... ಆದ್ರ ನನಗ್ಯಾಕ ಹೇಳ್ಲಿಲ್ಲ? ಊರೂರಿಗೆ ಹೋಗಿ 'ಮುಚ್ಚಿಡಬ್ಯಾಡ್ರಿ' ಅಂತ ಹೇಳಾಂವ ನೀ!"

"ಮಂದಿಗೆ ಹೇಳೂದು ಹಗರ. ನಿಮ್ಮ ಮನ್ಯಾಗ ನಿನ್ನ ಕೇಳಬೇಕಂತಿದ್ದೆ. ರೋಗಿಗೆ ಯಾರು ಮಗಳನ್ನ ಕೊಡ್ತಾರ ಅಂತ ಅಂಜಿದೆ..."

"ಮಗಳನ್ನ ಕೇಳಿದ್ಯಾ?"

ತುಷಾರ ಇಲ್ಲವೆಂದು ತಲೆ ಅಲ್ಲಾಡಿಸಿದ.

"ಆರು ತಿಂಗಳು ಗುಳಿಗಿ ನುಂಗಿದ್ರ ಹೋಗೂ ರೋಗಕ್ಕ ಎರಡು ವರ್ಷದ ಪ್ರೀತಿ ಬಿಟ್ಟಾಂವ!" ಶಾಲನ ಅಳುತ್ತಲೇ ಕೂಗಿದಳು. "ಹೌದು, ಪ್ರೀತಿ! ನೀ ಹೇಳ್ಲಿಲ್ಲಂದ್ರ ನಾನ ಹೇಳ್ತೇನಿ!"

"ಮೆಲ್ಲಕ! ಜಟ್ಟೆಪ್ಪ ಕಾಕಾ ಕೇಳ್ತಾನ..."

"ಕೇಳ್ಲಿ! ನಾಳೆ ಔಷಧ ಸುರು ಮಾಡು. ಡಾಕ್ಟರ್ 'ಇನ್ನ ಅಡ್ಡಿಲ್ಲ' ಅಂದ ದಿನ ನಮ್ಮನಿಗೆ ಬಂದು ನಮ್ಮ ಅಪ್ಪನ್ನ ಕೇಳು."

"ರೋಗ ಇತ್ತಂತ ಅವರಿಗೆ ಹೇಳಬೇಕಲ್ಲ..."

"ನೀನ ಹೇಳು. ನಿನ್ನ ಬಾಯಿಲೇ."

"ಒಳಗ ಕರಕೊಳ್ಳಲಿಲ್ಲಂದ್ರ...?"

ಶಾಲನ ಕಣ್ಣೊರೆಸಿಕೊಂಡು ನಕ್ಕಳು.

"ಅಂಗಳದಾಗ ಕುಂದ್ರೂಣು. ನಾನೂ ಹೊರಗ ಬರ್ತೇನಿ."