ಅರ್ಧ ಶೇವ್, ಪೂರ್ತಿ ಸಾಲ

"ಅಲ್ಲಾಡಿದ್ರೆ ನಿಮ್ಮ ಕುತ್ತಿಗೆಗೆ ನಾನು ಜವಾಬ್ದಾರಿ ಅಲ್ಲ ಸಾರ್!"

ರೇಜರ್ ನನ್ನ ಗಂಟಲಿನ ಮೇಲಿತ್ತು.

ಎಡಗೆನ್ನೆ ನುಣ್ಣಗಾಗಿತ್ತು. ಬಲಗೆನ್ನೆ ತುಂಬ ನೊರೆ. ತೊಡೆಯ ಮೇಲೆ ನನ್ನ ಫೋನ್ ಬಡಿದುಕೊಳ್ಳುತ್ತಿತ್ತು. ಸ್ಕ್ರೀನಿನಲ್ಲಿ ಹಲ್ಲು ಕಿರಿಯುತ್ತಿದ್ದ ಫೋಟೋ... ಈ ಸಲೂನಿನವನ ಹೆಂಡತಿಯ ಅಣ್ಣನದು!

"ನಮ್ಮ ಭಾವ ನಿಮಗ್ಯಾಕೆ ಫೋನ್ ಮಾಡ್ತಾರೆ?"

"ಸೋಫಾ... ಒಂದು ಸೋಫಾ ಬೇಕಿತ್ತು."

"ಎರಡು ವಾರದಿಂದ ಎದುರು ಫುಟ್‌ಪಾತಲ್ಲಿ ನಿಂತು ಸೋಫಾ ಹುಡುಕ್ತಿದ್ರಾ?"

ಸಿಕ್ಕಿಬಿದ್ದಿದ್ದೆ!

ಹನ್ನೆರಡು ವರ್ಷದಿಂದ ಈ ಪತ್ತೇದಾರಿ ಕೆಲಸ ಮಾಡುತ್ತಿದ್ದೇನೆ. ಚಾಕು ತೋರಿಸಿದವರನ್ನು ನೋಡಿದ್ದೇನೆ, ನಾಯಿ ಛೂ ಬಿಟ್ಟವರನ್ನೂ ನೋಡಿದ್ದೇನೆ. ಹತ್ತಿರದಿಂದ ಕಣ್ಣಿಡೋಣ ಅಂತ ನಾನೇ ಕುರ್ಚಿಯಲ್ಲಿ ಕೂತು ಕತ್ತು ಒಡ್ಡಿದ್ದು ಇದೇ ಮೊದಲು.

ಕೇಸ್ ಇಷ್ಟೇ. ಭಾವನಿಗೆ ಸೋಫಾ ಶೋರೂಮ್ ಇದೆ. ತಂಗಿಯ ಗಂಡನ ಹತ್ತಿರ ಮೂರು ಕ್ರೆಡಿಟ್ ಕಾರ್ಡ್. ಮೂರರಲ್ಲೂ ಕಂಠಪೂರ್ತಿ ಸಾಲ. ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ! "ನಾನು ಬಡ್ಡಿ ಇಲ್ದೆ ಕೊಡ್ತೀನಿ ಅಂದ್ರೂ ಬರಲ್ಲ. ಯಾವಳೋ ಇದಾಳೆ. ಫೋಟೋ ತಂದ್ರೆ ಉಳಿದರ್ಧ ಫೀಸು," ಅಂದಿದ್ದ ಭಾವ.

ಇದ್ದಳು! ಕಳೆದ ಎರಡು ಬುಧವಾರವೂ ಹನ್ನೊಂದು ಗಂಟೆಗೆ ಒಂದು ನೀಲಿ ಕೊಡೆ ಮೂಲೆಯ ಕಟ್ಟಡದ ಎರಡನೇ ಮಹಡಿಗೆ ಹೋಗಿತ್ತು. ಐದು ನಿಮಿಷ ಬಿಟ್ಟು ಇವನು! ಕೊಡೆಯಿಂದಾಗಿ ಮುಖ ಮಾತ್ರ ಸಿಕ್ಕಿರಲಿಲ್ಲ.

ಇವತ್ತು ಬುಧವಾರ. ಗೋಡೆ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು. ಒಂದೇ ಒಂದು ಫೋಟೋ ಸಿಕ್ಕರೆ ನನ್ನ ಮನೆ ಬಾಡಿಗೆ ಕಟ್ಟಬಹುದು.

ಅವನು ರೇಜರ್ ಒರೆಸಲು ತಿರುಗಿದ. ನಾನು ಓಟ ಕಿತ್ತೆ!

ಕೊರಳಲ್ಲಿ ಬಿಳಿ ಬಟ್ಟೆ, ಅರ್ಧ ಮುಖ ನೊರೆ... ಹಿಂದೆ ರೇಜರ್ ಹಿಡಿದ ಅವನು. ಬೀದಿಗೆ ಬೀದಿಯೇ ದಾರಿ ಬಿಟ್ಟಿತು.

"ಹಿಡೀರಿ ಅವರನ್ನ!"

"ದುಡ್ಡು ಕೊಡ್ದೆ ಓಡ್ತಿದಾನಾ?" ಅಂತ ಹಣ್ಣಿನವಳು ಕೂಗಿದಳು.

ಅವಳ ಗಾಡಿ ಸುತ್ತಿ, ಬಸ್ಸಿನ ಮುಂದೆ ನುಸುಳಿ, ಮೆಟ್ಟಿಲು ಎರಡೆರಡು ಹಾರಿ... ಬಾಗಿಲು ಒದ್ದೆ. ಫೋನ್ ಎತ್ತಿದೆ.

ಬೆಂಚಿನ ಮೇಲೆ ನೀಲಿ ಕೊಡೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಅಜ್ಜಿ. ಗೋಡೆಯ ಮೇಲೆ ದೊಡ್ಡದೊಂದು ಕಿವಿಯ ಚಿತ್ರ.

"ಮೆಲ್ಲಗೆ ಬಾರಪ್ಪಾ! ಕಿವಿ ಕೇಳಿಸುತ್ತೆ ನಂಗೆ!"

ಹಿಂದಿನಿಂದ ಏದುಸಿರು. "ಬೇಡ ಸಾರ್... ಫೋಟೋ ಬೇಡ. ಅವರು ನಮ್ಮತ್ತೆ!"

ಅತ್ತೆ! ಅಂದರೆ ನನಗೆ ಕೆಲಸ ಕೊಟ್ಟ ಸೋಫಾ ಸಾಹುಕಾರನ ಹೆತ್ತ ತಾಯಿ!

"ಎರಡೂ ಕಿವಿಗೆ ಮಿಷನ್ ಹಾಕಿಸಿದೀನಿ," ಅಂದ ಅಳಿಯ. "ಕಾರ್ಡಲ್ಲಿ. ವಾರಕ್ಕೊಂದ್ಸಲ ಸೌಂಡ್ ಸರಿ ಮಾಡಿಸ್ಬೇಕು."

"ಮಗ ಸಾಹುಕಾರ, ಅಳಿಯ ಸಾಲಗಾರ. ಇದ್ಯಾವ ನ್ಯಾಯ ಅಜ್ಜಿ?"

"ಮಗ ಕನ್ನಡಕ ಕೊಡಿಸಿ ಆರು ವರ್ಷ ಆಯ್ತು. ಇವತ್ತಿಗೂ ಮನೆಗೆ ಬಂದವರಿಗೆಲ್ಲ ನನ್ನ ಮೂಗು ತೋರಿಸಿ, 'ನಾನು ಕೊಡಿಸಿದ್ದು' ಅಂತಾನೆ. ಇನ್ನು ಕಿವೀನೂ ತೋರಿಸ್ಲಿ ಅಂತೀಯಾ?"

"ಮನೇಲಿ ಗೊತ್ತಾಗಲ್ವಾ?"

"ಅಲ್ಲಿ ತೆಗೆದಿಡ್ತೀನಿ. ಅವನ ಮಾತು ಯಾರಿಗೆ ಬೇಕು!"

ಅಳಿಯನ ಕಡೆ ತಿರುಗಿದೆ. "ಬಡ್ಡಿ ಲೆಕ್ಕ ಗೊತ್ತೇನಯ್ಯಾ ನಿಂಗೆ?"

"ಗೊತ್ತು ಸಾರ್. ಇನ್ನೊಂದು ಜೊತೆ ಕಿವಿ ಬರೋಷ್ಟು ಬಡ್ಡಿ. ಆದ್ರೆ ಯಾಕೆ ಸಾಲ ಅಂತ ಕಾರ್ಡು ಕೇಳಲ್ಲ. ಊಟಕ್ಕೆ ಕೂತಾಗ ನೆನಪಿಸಲ್ಲ. ಆ ಫೋಟೋ ನೋಡಿದ್ರೆ ಭಾವ ಇವತ್ತೇ ಎಲ್ಲಾ ತೀರಿಸ್ತಾರೆ... ಸಾಯೋತನಕ ಹೇಳ್ಕೊಂಡು ತಿರುಗ್ತಾರೆ. ಅತ್ತೆ ಮಿಷನ್ ಕಿತ್ತು ಬಿಸಾಡ್ತಾರೆ."

"ಬಿಸಾಡೇ ಬಿಸಾಡ್ತೀನಿ!" ಅಂದಳು ಅಜ್ಜಿ.

ಫೋಟೋ ತೆಗೆಯದೆ ಫೋನ್ ಜೇಬಿಗಿಳಿಸಿದೆ. ಈ ಕಸುಬಿನಲ್ಲಿ ಹಾಗೆ ಮಾಡಬಾರದು.

ಅದೇ ಅರ್ಧ ಮುಖದಲ್ಲಿ ಶೋರೂಮಿಗೆ ಹೋದೆ.

"ಯಾರವಳು?" ಸಾಹುಕಾರ ಎದ್ದು ನಿಂತ.

"ಯಾರೂ ಇಲ್ಲ."

"ಫೋಟೋ?"

"ಇಲ್ಲ."

"ಹಾಗಾದ್ರೆ ಫೀಸೂ ಇಲ್ಲ! ಏನ್ ಕೊಬ್ಬು ಅಂತೀನಿ ಅವನಿಗೆ! ಬಡ್ಡಿ ಇಲ್ದೆ ಕೊಡ್ತೀನಿ, ಒಂದು ನರಪಿಳ್ಳೆಗೂ ಗೊತ್ತಾಗದ ಹಾಗೆ ಕೊಡ್ತೀನಿ ಅಂದ್ರೂ ಬರಲ್ವಲ್ಲ!"

ಸೋಫಾ ನೋಡಲು ಬಂದಿದ್ದ ಗಂಡ ಹೆಂಡತಿ ಅಯ್ಯೋ ಪಾಪ ಅಂತ ತಲೆಯಾಡಿಸಿದರು. ಮೂವರು ಕೆಲಸದವರೂ ತಲೆಯಾಡಿಸಿದರು. ಅವರಿಗಂತೂ ಈ ಕತೆ ಬಾಯಿಪಾಠವಾಗಿತ್ತು.

ವಾಪಸ್ ಸಲೂನಿಗೆ ಬಂದೆ.

"ಉಳಿದರ್ಧ ಮುಗಿಸಯ್ಯಾ. ನಿನ್ನ ಭಾವನಿಗೆ ಏನೂ ಸಿಗಲಿಲ್ಲ... ನನಗೂ!"

ಅವನ ಕಣ್ಣು ಒದ್ದೆಯಾಯಿತು. ಬಲಗೆನ್ನೆಯನ್ನು ಮಗುವಿಗೆ ಮಾಡಿದ ಹಾಗೆ ಮಾಡಿದ. ಕೊನೆಗೆ ನಾನು ಜೇಬು ತಡಕಿದೆ. ಬಿಡಿಗಾಸೂ ಇರಲಿಲ್ಲ.

"ಬಿಡಿ ಸಾರ್! ನಿಮ್ಮ ಹತ್ರ ದುಡ್ಡು ಇಸ್ಕೋತೀನಾ? ಇವತ್ತು ನಿಮಗೆ ಫ್ರೀ!" ಪ್ರೀತಿಯಿಂದ, ಅಂಗಡಿ ತುಂಬ ಕೇಳುವ ಹಾಗೆ ಅಂದ.

ಬೆಂಚಿನ ಮೇಲಿದ್ದ ಆರು ಜನರೂ ಪೇಪರ್ ಕೆಳಗಿಳಿಸಿ ನನ್ನನ್ನೇ ನೋಡಿದರು.

ನಾನು ನನ್ನ ಕ್ರೆಡಿಟ್ ಕಾರ್ಡ್ ತೆಗೆದೆ. "ಉಜ್ಜಯ್ಯಾ!"