ನೀವಿಲ್ಲದೆಯೂ ನಡೆಯುತ್ತೆ

ಮೇಜಿನ ಕೆಳಗೆ ಒಬ್ಬ ಗಂಡಸು ಇದ್ದ.

ಅವಳು ಕುರ್ಚಿ ಎಳೆದುಕೊಂಡು ಕೂತು, ಚಪ್ಪಲಿ ಕಳಚಿ ಕಾಲು ಚಾಚಿದಾಗಲೇ ಗೊತ್ತಾಗಿದ್ದು. ಪಾದಕ್ಕೆ ಮೆತ್ತಗೆ ಏನೋ ತಾಕಿತು... ಕೂದಲು.

"ಯಾರ್ರೀ ಅದು?"

"ಒಂದ್ನಿಮಿಷ ಮೇಡಂ. ನಿಮ್ಮ ಕಂಪ್ಯೂಟರ್ ಆರಿಸೋ ವೈರ್ ಯಾವುದು ಅಂತ ನೋಡ್ತಿದೀನಿ."

"ಇದನ್ನ ಆರಿಸಿದ್ರೆ ಇಡೀ ಆಸ್ಪತ್ರೆ ನಿಂತುಹೋಗುತ್ತೆ."

"ಅದಕ್ಕೇ ನನ್ನ ಕರೆಸಿರೋದು" ಎನ್ನುತ್ತ ಎದ್ದವನ ತಲೆ ಮೇಜಿಗೆ ಠಪ್ ಅಂತ ಬಡಿಯಿತು.

ಪಾಪ, ಅನ್ನಿಸಿತು ಅವಳಿಗೆ. ಅರ್ಧ ಪಾಪ ಸಾಕು, ಅಂದುಕೊಂಡಳು.

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಕಮಾಂಡರ್ ಅಂತ. ಔಷಧಿ, ರಕ್ತದ ಸ್ಯಾಂಪಲ್, ಒಗೆದ ಬೆಡ್‌ಶೀಟ್ ಹೊತ್ತು ತಾವಾಗಿಯೇ ಓಡುವ ಪುಟ್ಟ ಗಾಡಿಗಳು ಅಲ್ಲಿವೆ. ಯಾವುದು ಯಾವ ವಾರ್ಡಿಗೆ, ಯಾವ ಲಿಫ್ಟಿನಲ್ಲಿ ಅನ್ನುವ ಆಜ್ಞೆಯೆಲ್ಲ ಅವಳ ಮೇಜಿನಿಂದ. ಜನ ಗಾಡಿಗೆ ದಾರಿ ಬಿಡದಿದ್ದರೆ ಮೈಕಿನಲ್ಲಿ ಸೂಪರಿಂಟೆಂಡೆಂಟರ ದನಿಯಲ್ಲಿ ಒಮ್ಮೆ ಕೆಮ್ಮುತ್ತಿದ್ದಳು. ಕಾರಿಡಾರ್ ಖಾಲಿ.

ಅಮ್ಮ ಹೋದಮೇಲೆ ಮನೆಯಲ್ಲೂ ಅದೇ ಹುದ್ದೆ. ಅಪ್ಪನ ಮಾತ್ರೆ, ತಂಗಿಯ ಕಾಲೇಜು, ಗ್ಯಾಸು, ನೀರು. ಅಲ್ಲಿ ಕೆಮ್ಮಿದರೆ ಮಾತ್ರ ಯಾರೂ ಅಲುಗಾಡುತ್ತಿರಲಿಲ್ಲ.

"ಕಳೆದ ತಿಂಗಳು ಈ ಕಂಪ್ಯೂಟರ್ ಕೆಟ್ಟಾಗ ಒಂದು ಗಾಡಿಯೂ ಕದಲಲಿಲ್ಲವಂತೆ" ಎಂದ ಅವನು, ನೆತ್ತಿ ಉಜ್ಜಿಕೊಳ್ಳುತ್ತ. "ಇರುವೆ ನೋಡಿ. ಯಾರ ಆಜ್ಞೆಯೂ ಬೇಡ. ಹೋದ ದಾರಿಯಲ್ಲಿ ಒಂದು ಗುರುತು ಬಿಡುತ್ತೆ. ಹಿಂದಿನದು ಅದನ್ನ ಹಿಡಿದು ಬರುತ್ತೆ. ಓಡಾಟ ನಿಂತ ದಾರಿಯ ಗುರುತು ಆರಿಹೋಗುತ್ತೆ. ನಮ್ಮ ಗಾಡಿಗಳೂ ಹಾಗೇ ನಡೀಬೇಕು. ಗುರುತು ಮಾತ್ರ ಸಾಫ್ಟ್‌ವೇರಿನದು."

"ಅವಕ್ಕೆ ಯಾರು ಹೇಳ್ತಾರೆ?"

"ಯಾರೂ ಹೇಳಲ್ಲ."

"ಯಾರೂ ಹೇಳದೆ ನಮ್ಮನೇಲಿ ಒಂದು ಲೋಟ ತೊಳೆಯಲ್ಲ ರೀ."

ಅವನು ನಕ್ಕ. ಆ ನಗು ಚೆನ್ನಾಗಿತ್ತು... ಅದೇ ತೊಂದರೆಯಾಗಿದ್ದು.

ಅವನಿಗೆ ಇರುವೆ ಇಂಜಿನಿಯರ್ ಅಂತ ಹೆಸರು ಬಿತ್ತು. ಹೆಸರು ‘ಇರುವೆ’, ತನ್ನ ಸೀಟಿನಲ್ಲಿ ಒಂದು ದಿನವೂ ಇದ್ದವನಲ್ಲ. ಹೊತ್ತು ಹುಟ್ಟಿದರೆ ಅವಳ ಪಕ್ಕ ಸ್ಟೂಲ್ ಹಾಕಿಕೊಂಡು ಪ್ರಶ್ನೆ ಕೇಳುತ್ತಿದ್ದ. ಹಿಂದಿನ ಲಿಫ್ಟ್ ಯಾವಾಗ ಖಾಲಿ? ಊಟದ ಹೊತ್ತಲ್ಲಿ ಯಾವ ಕಾರಿಡಾರ್ ಕಷ್ಟ? ಅವಳು ಹೆಡ್ ನರ್ಸ್, ಲಿಫ್ಟಿನ ಹೆಣ್ಣುದನಿ, ಕಫ ಕಟ್ಟಿದ ಸರ್ಜನ್ ಎಲ್ಲರನ್ನೂ ಅನುಕರಿಸಿ ತೋರಿಸುತ್ತಿದ್ದಳು. ಅವನು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ.

ಆ ದಿನಗಳಲ್ಲೇ ಅವಳ ಕೋಣೆಗೆ ಒಳ್ಳೆ ಕಾಲ ಬಂತು. ಕಿರುಗುಟ್ಟುತ್ತಿದ್ದ ಫ್ಯಾನ್ ಸುಮ್ಮನಾಯಿತು. ಕುರ್ಚಿಯ ಕುಂಟುಗಾಲು ನೆಟ್ಟಗಾಯಿತು. ಒದ್ದರೆ ಮಾತ್ರ ತೆರೆಯುತ್ತಿದ್ದ ಡ್ರಾಯರ್ ಬೆರಳಿಗೇ ಜಾರಿಬಂತು. ಆಸ್ಪತ್ರೆಯ ಎಲೆಕ್ಟ್ರಿಷಿಯನ್‌ಗೆ ಕೊನೆಗೂ ಜ್ಞಾನೋದಯವಾಯಿತೆಂದು ಅವಳು ಕ್ಯಾಂಟೀನಿನಲ್ಲಿ ಟೀ ಕೊಡಿಸಿ ಹೊಗಳಿದಳು. ಆತ ಟೀ ಕುಡಿದು, ಹೊಗಳಿಕೆಯನ್ನೂ ಕುಡಿದ.

ಹೊಸ ವ್ಯವಸ್ಥೆಯ ಪರೀಕ್ಷೆಯ ದಿನ ಬಂತು.

"ಇವತ್ತು ನೀವು ಪರದೆ ನೋಡಬಹುದು. ಆಜ್ಞೆ ಕೊಡೋ ಹಾಗಿಲ್ಲ" ಎಂದ ಅವನು.

ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಲ್ಯಾಬಿನ ಕಾರಿಡಾರಿನಲ್ಲಿ ಯಾರೋ ಸ್ಟ್ರೆಚರ್ ಅಡ್ಡ ನಿಲ್ಲಿಸಿ ಹೋದರು. ಒಂದು ಗಾಡಿ ನಿಂತಿತು. ಅದರ ಹಿಂದೆ ಇನ್ನೊಂದು... ಮತ್ತೊಂದು...

ಅವಳ ಕೈ ಫೋನಿಗೆ ಹೋಯಿತು. ಆ ಕೈಯ ಮೇಲೆ ಅವನ ಕೈ ಬಂತು.

"ಸ್ವಲ್ಪ ತಡೀರಿ."

"ಸಿಕ್ಕಿಹಾಕ್ಕೊಂಡಿವೆ ರೀ, ಕಾಣಲ್ವಾ?"

"ಕಾಣುತ್ತೆ. ದಯವಿಟ್ಟು ತಡೀರಿ."

ಪರದೆಯ ಮೇಲೆ ಆ ದಾರಿಯ ಗೆರೆ ನಿಧಾನವಾಗಿ ಮಾಸಿತು. ಕೊನೆಯ ಗಾಡಿ ಅನುಮಾನಿಸುವಂತೆ ಹಿಂದೆ ಸರಿದು ಹಿಂದಿನ ಲಿಫ್ಟಿನತ್ತ ತಿರುಗಿತು. ಅದರ ಗುರುತು ಹಿಡಿದು ಇನ್ನೊಂದು. ನೋಡನೋಡುತ್ತ ಗುಂಪು ಕರಗಿತು.

ಅವಳಿಗೆ ಎರಡು ಸಂಗತಿ ಅರಿವಾದವು. ಅವನ ಕೈ ಇನ್ನೂ ಅಲ್ಲೇ ಇದೆ. ಇಷ್ಟಾದರೂ ಯಾವ ವಾರ್ಡಿನಿಂದಲೂ ಅವಳಿಗೆ ಫೋನ್ ಬಂದಿಲ್ಲ.

"ಇನ್ಮೇಲೆ ನಾನು ಬೇಕಾಗಲ್ಲ, ಅಲ್ವಾ?"

ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಗಾಡಿಗಳಿಗೆ... ಬೇಕಾಗಲ್ಲ."

"ಇದಕ್ಕೇನಾ ಇಷ್ಟು ದಿನ ಪಕ್ಕದಲ್ಲಿ ಕೂತಿದ್ದು?"

"ಮೊದಲು ಅದಕ್ಕೇ. ಆಮೇಲೆ..."

ಆಮೇಲಿನದನ್ನು ಕೇಳಲು ಅವಳು ಅಲ್ಲಿರಲಿಲ್ಲ.

ಮನೆಗೆ ಬಂದರೆ ಕುಕ್ಕರ್ ಇಳಿದಿತ್ತು. ಅಪ್ಪ ಮಾತ್ರೆ ನುಂಗಿ ಪೇಪರ್ ಓದುತ್ತಿದ್ದರು. ಲೋಟಗಳನ್ನು ತೊಳೆದು ಬೋರಲು ಹಾಕಿತ್ತು.

"ಯಾರು ಹೇಳಿದ್ರೇ ಇದೆಲ್ಲ ಮಾಡು ಅಂತ?"

"ಯಾರೂ ಹೇಳಲಿಲ್ಲಕ್ಕ" ಎಂದಳು ತಂಗಿ ಹೆಮ್ಮೆಯಿಂದ. "ಅಪ್ಪ ಅಕ್ಕಿ ತೊಳೆದಿಟ್ಟಿದ್ರು. ನೋಡಿದೆ, ಒಲೆ ಮೇಲಿಟ್ಟೆ."

ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ‘ಎಲ್ಲೂ ನಾನು ಬೇಡ...’

ಮರುದಿನ ಸೂಪರಿಂಟೆಂಡೆಂಟರು ಎರಡು ದಾರಿ ಇಟ್ಟರು. ಬೇರೆ ಊರಿನಲ್ಲಿರುವ ತಮ್ಮ ಇನ್ನೊಂದು ಆಸ್ಪತ್ರೆ. ಅಲ್ಲಿ ಇನ್ನೂ ಫೋನು, ಆಜ್ಞೆ ಎಲ್ಲ ಇದೆ. ಇಲ್ಲವಾದರೆ ಇಲ್ಲೇ ಕೆಳಗಿನ ವಿಚಾರಣೆ ಕೌಂಟರ್. ಸಂಜೆಯೊಳಗೆ ಹೇಳಬೇಕು.

ಊರು ಬಿಡುವುದೇ ಸರಿ ಅಂದುಕೊಂಡಳು. ಹೊರಡುವ ಮೊದಲು ಎಲೆಕ್ಟ್ರಿಷಿಯನ್‌ಗೆ ಒಂದು ಮಾತು ಹೇಳೋಣವೆಂದು ಹೋದಳು. "ಫ್ಯಾನು, ಕುರ್ಚಿ... ಮರೆಯಲ್ಲ ಅಣ್ಣ."

ಆತ ತಲೆ ಕೆರೆದುಕೊಂಡ. "ಬಿಟ್ಟು ಹೋಗ್ತಿದೀಯ, ಹೇಳಿಬಿಡ್ತೀನಮ್ಮ. ನಿನ್ನ ರೂಮಿಗೆ ನಾನು ಕಾಲಿಟ್ಟು ವರ್ಷವೇ ಆಯ್ತು. ನೀನು ಹೊಗಳ್ತಿದ್ದೆ, ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅದೆಲ್ಲ ಆ ಇರುವೆ ಸಾರ್ ಕೆಲಸ. ನನ್ನ ಸ್ಕ್ರೂಡ್ರೈವರ್ ಇನ್ನೂ ವಾಪಸ್ ಕೊಟ್ಟಿಲ್ಲ."

ಅವನು ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಮುಚ್ಚಿಕೊಂಡು ಕೂತಿದ್ದ. ಅವಳನ್ನು ಕಂಡು ಎದ್ದುನಿಂತ.

"ಫ್ಯಾನ್ ಸರಿ ಮಾಡಿದ್ದು ನೀವಾ?"

"ಹೂಂ."

"ಹೇಳೋಕೇನಾಗಿತ್ತು?"

"ಗುರುತು ಬಿಡ್ತಾ ಹೋದೆ. ನೋಡ್ತೀರಿ, ಅರ್ಥ ಮಾಡ್ಕೋತೀರಿ ಅಂದ್ಕೊಂಡೆ."

"ನಾನು ನಿಮ್ಮ ಗುರುತಿಗೆಲ್ಲ ಎಲೆಕ್ಟ್ರಿಷಿಯನ್‌ಗೆ ಟೀ ಕೊಡಿಸಿದೀನಿ ರೀ. ಇನ್ನೊಂದು ವಾರ ಬಿಟ್ಟಿದ್ರೆ ಅವರ ಹೆಂಡತಿ ನನ್ನ ಹುಡುಕ್ಕೊಂಡು ಬರ್ತಿದ್ರು."

ಅವನಿಗೆ ನಗು ಬಂತು, ಮುಗಿಸಲಾಗಲಿಲ್ಲ.

"ನಾನು ಇರುವೆ ಅಲ್ಲ" ಎಂದಳು. "ಬಾಯಿಬಿಟ್ಟು ಹೇಳಿ."

"ನೀವಿಲ್ಲದೆ ಬದುಕೋಕಾಗಲ್ಲ ಅಂತ ಹೇಳೋಣ ಅಂತ ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ಆದರೆ ಅದು ಸುಳ್ಳು. ಬದುಕ್ತೀನಿ. ಊಟ ಮಾಡ್ತೀನಿ, ಕೆಲಸಕ್ಕೆ ಬರ್ತೀನಿ. ನೀವಿಲ್ಲದೆಯೂ ಎಲ್ಲ ನಡೆಯುತ್ತೆ."

"ಅಷ್ಟೇನಾ?"

"ಎಲ್ಲ ನಡೆಯುತ್ತೆ... ಆದರೂ ನೀವು ಬೇಕು. ಯಾವ ಕೆಲಸಕ್ಕೂ ಅಲ್ಲ. ಸುಮ್ಮನೆ ಬೇಕು."

ಅವಳು ಕಂಬಿ ಹಿಡಿದುಕೊಂಡಳು. ಇಷ್ಟು ವರ್ಷ ಯಾರೇ ಕೂಗಿದರೂ ಏನೋ ನಿಂತುಹೋಗಿರುತ್ತಿತ್ತು. ಅದನ್ನು ನಡೆಸಲು ಕೂಗುತ್ತಿದ್ದರು. ಏನೂ ನಿಲ್ಲದೆ, ಏನೂ ಕೆಡದೆ ಅವಳನ್ನು ಒಬ್ಬರು ಬಯಸಿದ್ದು ಇದೇ ಮೊದಲು.

"ಊರು ಬಿಡ್ತೀರಾ?" ಕೇಳಿದ, ಬಹಳ ಮೆಲ್ಲಗೆ.

"ಇಲ್ಲ, ಕೌಂಟರ್ ತಗೋತೀನಿ. ನಿಮಗೋಸ್ಕರ ಅಂತ ಉಬ್ಬಬೇಡಿ. ದಾರಿ ತಿಳಿಯದೆ ಗಾಬರಿಯಾದ ಜನಕ್ಕೆ ಗುರುತು ಸಾಲಲ್ಲ, ಒಂದು ಮುಖ ಬೇಕು."

"ಸರಿ. ಮತ್ತೆ... ನನ್ನ ವಿಷಯ?"

ಅವಳು ಕಣ್ಣೊರೆಸಿಕೊಂಡು ಸೂಪರಿಂಟೆಂಡೆಂಟರ ದನಿ ತೆಗೆದಳು. "ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ." ಆಮೇಲೆ ತನ್ನದೇ ದನಿಯಲ್ಲಿ, "ನಾಳೆ ರಜಾ ಹಾಕ್ತಿದೀನಿ. ಎಲ್ಲಾದರೂ ಹೋಗೋಣ."

"ಎಲ್ಲಿಗೆ?"

"ನನ್ನ ಕೇಳಬೇಡಿ. ನಾಳೆ ಒಂದು ದಿನ ನಾನು ಯಾರಿಗೂ ದಾರಿ ಹೇಳಲ್ಲ."

"ನನಗೂ ಗೊತ್ತಿಲ್ವಲ್ಲ."

"ಪರವಾಗಿಲ್ಲ" ಎಂದಳು, ಅವನ ಕೈ ಹಿಡಿದು. "ನಿಧಾನಕ್ಕೆ ನಡೀರಿ. ನಾನು ಪಕ್ಕದಲ್ಲೇ ಬರ್ತೀನಿ."