ರೈಲು ಬಂತು, ಶುಭಂ

"ಯಾರ್ರೀ ಇಲ್ಲಿ ಉಮಾಶಂಕರ? ಕಾದಂಬರಿ ಕದಿಯೋ ಉಮಾಶಂಕರ!"

ಹುಣಸೂರು ಬಸ್ ಸ್ಟ್ಯಾಂಡಿನ ಹಿಂದಿದ್ದ ಆ ಪುಟ್ಟ ಇಂಟರ್‌ನೆಟ್ ಅಂಗಡಿಯಲ್ಲಿ ಎಲ್ಲರೂ ಪರದೆ ಬಿಟ್ಟು ಬಾಗಿಲ ಕಡೆ ತಿರುಗಿದರು.

ಬಾಗಿಲಲ್ಲಿ ನಿಂತಿದ್ದವಳು ಕಾವ್ಯಶ್ರೀ. ಪಿರಿಯಾಪಟ್ಟಣದಲ್ಲಿ ಬ್ಲೌಸ್ ಹೊಲಿಯುವವಳು. ಕೆಲವು ವರ್ಷಗಳ ಹಿಂದೆ ಒಂದೇ ಒಂದು ಕಾದಂಬರಿ ಬರೆದು, ಮತ್ತೆ ಪೆನ್ನು ಮುಟ್ಟದವಳು. ಆ ಕಾದಂಬರಿಯನ್ನು ಯಾರೋ ಪೂರ್ತಿ ಟೈಪ್ ಮಾಡಿ ಬ್ಲಾಗಿಗೆ ಹಾಕಿದ್ದಾರೆ ಎಂದು ಗಿರಾಕಿಯೊಬ್ಬಳು ಹೇಳಿದ್ದಳು. ಕೆಳಗೆ ಅವನ ಹೆಸರು, ಈ ಅಂಗಡಿಯ ವಿಳಾಸ ಬೇರೆ! ಇಸವಿ ಎರಡು ಸಾವಿರದ ಎಂಟು. ಕಳ್ಳರು ವಿಳಾಸ ಕೊಟ್ಟು ಕದಿಯುವ ಕಾಲ ಬಂದಿತ್ತು.

ಮೂಲೆಯ ಕಂಪ್ಯೂಟರಿನ ಮುಂದಿನಿಂದ ಒಬ್ಬ ಎದ್ದ.

"ನಾನೇ. ತಾವು?"

"ಅದನ್ನ ಬರೆದೋಳು!"

ಈಗ ಕೈಮುಗಿದು ಕ್ಷಮೆ ಕೇಳುತ್ತಾನೆ ಅಂದುಕೊಂಡಿದ್ದಳು. ಆದರೆ ಅವನು ಮುಖ ಗಂಟಿಕ್ಕಿದ.

"ಓಹೋ... ಕಥಾನಾಯಕಿ ಪವಿತ್ರಾನ ಕೆ.ಆರ್. ನಗರದ ರೈಲ್ವೇ ಸ್ಟೇಷನ್ನಲ್ಲಿ ಕೂರಿಸಿ, 'ರೈಲು ಬಂತು, ಶುಭಂ' ಅಂತ ಕೈತೊಳಕೊಂಡೋರು ನೀವೇನಾ? ಅವಳಿಗೋಸ್ಕರ ಊರನ್ನೇ ಎದುರು ಹಾಕ್ಕೊಂಡ ಹುಡುಗನ ಗತಿ ಏನ್ರೀ? ಎದೆ ಅನ್ನೋದು ಇದೆಯೇನ್ರೀ ನಿಮಗೆ?"

ಕಳ್ಳನೇ ಬೈಯುತ್ತಿದ್ದಾನೆ! ಅಷ್ಟೇ ಅಲ್ಲ, ಅವನು ತಿರುಗಿಸಿ ತೋರಿಸಿದ ಪರದೆಯ ಕೊನೆಯಲ್ಲಿ ಅವನದೇ ಒಂದು ಸಾಲಿತ್ತು. 'ಬರೆದವರಿಗೆ ಕಥೆ ಮುಗಿಸುವ ಯೋಗ್ಯತೆ ಇಲ್ಲ. ಓದುಗರು ಕ್ಷಮಿಸಬೇಕು.'

ಕಾವ್ಯಶ್ರೀಯ ಕಣ್ಣು ತುಂಬಿ ಬಂತು. ಅಳಬಾರದು, ಇವನ ಮುಂದಂತೂ ಅಳಲೇಬಾರದು... ಆದರೆ ಎಷ್ಟು ವರ್ಷದಿಂದ ಅದುಮಿಟ್ಟ ಮಾತು!

"ನಾನು ಮುಗಿಸಿದ್ದೆ ಕಣ್ರೀ! ಕೊನೆಯ ಮೂರು ಪುಟಾನ ಆ ಮಹಾನುಭಾವ ಕತ್ತರಿಸಿ ಎಸೆದ!"

ಮಹಾನುಭಾವರ ಹೆಸರು ವೀರಭದ್ರಸ್ವಾಮಿ. ಮೈಸೂರಿನ ಪ್ರಕಾಶಕರು. ನೂರಾರು ಪುಸ್ತಕ ಪ್ರಕಟಿಸಿದ್ದರೂ ಪುಸ್ತಕ ಓದುವ ಕೆಟ್ಟ ಅಭ್ಯಾಸ ಅವರಿಗಿರಲಿಲ್ಲ. ಮುಖಪುಟಕ್ಕೆ ಒಂದು ಹೆಣ್ಣಿನ ಚಿತ್ರ, ಗಟ್ಟಿ ರಟ್ಟು, ಲೈಬ್ರರಿಗೆ ಒಂದು ಲೋಡು. ಅಲ್ಲಿಗೆ ಅವರ ಸಾಹಿತ್ಯಸೇವೆ ಮುಗಿಯಿತು. ಅಚ್ಚಿನಲ್ಲಿ ಹದಿನಾರು ಪುಟಕ್ಕೆ ಒಂದು ಫಾರಂ. ಕಾವ್ಯಶ್ರೀಯ ಕಥೆಯ ಕೊನೆಯ ಮೂರು ಪುಟ ಹೊಸ ಫಾರಂಗೆ ಜಾರಿದ್ದವು. ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಕಾಗದ ಹಾಳು ಮಾಡುವುದೇ? ಸ್ವಾಮಿಗಳು 'ರೈಲು ಬಂತು' ಎಂಬಲ್ಲಿಗೆ ಕತ್ತರಿ ಹಾಕಿ, ಕೈಯಾರೆ 'ಶುಭಂ' ಎಂದು ಸೇರಿಸಿದರು. ಹಸ್ತಪ್ರತಿ ರದ್ದಿಗೆ ಹೋಯಿತು.

"ಕೇಳೋಕೆ ಹೋದೆ. 'ಹೆಂಗಸರು ಓದೋ ಕಾದಂಬರಿ ಕಣಮ್ಮ, ಮೂರು ಪುಟ ಇದ್ದರೇನು, ಹೋದರೇನು' ಅಂದರು. ನಾನೂ ಕತ್ತರಿ ಹಿಡಿಯೋಳೇ ಕಣ್ರೀ. ಬಟ್ಟೆ ಸಾಲಲಿಲ್ಲ ಅಂತ ಒಂದೇ ತೋಳಿನ ಬ್ಲೌಸ್ ಕೊಡಲ್ಲ!"

ಉಮಾಶಂಕರ ಕುಳಿತು ತನ್ನ ಸಾಲನ್ನು ಅಳಿಸಿ, ಬೇರೆ ಟೈಪ್ ಮಾಡಿದ. 'ತಪ್ಪಾಯಿತು. ಕೊನೆಯನ್ನು ಕತ್ತರಿಸಿದ್ದು ಪ್ರಕಾಶಕರು. ಬರೆದವರಲ್ಲ.'

"ನಿಮ್ಮನ್ನ ಕೇಳದೆ ಹಾಕಿದ್ದೂ ತಪ್ಪೇ" ಎಂದ ಮೆಲ್ಲಗೆ. "ಇಲ್ಲಿ ಟೈಪ್ ಮಾಡಿಕೊಡೋ ಕೆಲಸ ನಂದು, ಊರಲ್ಲಿ ನಮ್ಮದು ಹೊಗೆಸೊಪ್ಪು ಬೆಳೆಯೋ ಮನೆ. ಸೊಪ್ಪು ಕಡ್ಡಿಗೆ ಕಟ್ಟೋವಾಗ ಅವ್ವ, ಕೂಲಿ ಹೆಂಗಸರು ಕತೆ ಕೇಳ್ತಾರೆ. ನಿಮ್ಮದನ್ನ ಓದಿದೆ. ರೈಲು ಬಂತು ಅಂದ ಮೇಲೆ ಯಾರೂ ಸೊಪ್ಪು ಮುಟ್ಟಲಿಲ್ಲ, ಗೊತ್ತಾ? ಯಾರಿಗಾದರೂ ಮುಂದಿನ ಕತೆ ಗೊತ್ತಿರಬಹುದು ಅಂತ ಬ್ಲಾಗಿಗೆ ಹಾಕಿದೆ."

"ಈ ಡಬ್ಬದಲ್ಲಿ ಓದೋರೂ ಓದುಗರಾ?" ಎಂದಳು ತಿರಸ್ಕಾರದಿಂದ.

ಅವನು ಪರದೆಯನ್ನು ಇನ್ನಷ್ಟು ಅವಳ ಕಡೆ ಸರಿಸಿದ. ಕಾದಂಬರಿಯ ಕೆಳಗೆ ಓದಿದವರು ಬರೆದಿದ್ದರು. ಅಂತರಸಂತೆಯ ಒಬ್ಬ ಟೀಚರ್, ಹೊಸ ಅಗ್ರಹಾರದ ಒಬ್ಬ ಸೊಸೆ, ದುಬೈಯಲ್ಲಿದ್ದ ಯಾರೋ ಒಬ್ಬ... ಎಲ್ಲರದೂ ಒಂದೇ ಪ್ರಶ್ನೆ. ಪವಿತ್ರಾ ರೈಲು ಹತ್ತಿದಳಾ?

ಪುಸ್ತಕ ಬಂದಾಗ ಒಬ್ಬರೂ ಅವಳನ್ನು ಕೇಳಿರಲಿಲ್ಲ. ರಟ್ಟಿನೊಳಗೆ ಅದು ಲೈಬ್ರರಿಯ ಧೂಳು ತಿನ್ನುತ್ತಿತ್ತು.

"ನೀವು ಹೇಳಿ. ನಾನು ಟೈಪ್ ಮಾಡ್ತೀನಿ" ಎಂದ.

ಆಮೇಲೆ ಕಾವ್ಯಶ್ರೀ ವಾರಕ್ಕೊಮ್ಮೆ ಹುಣಸೂರಿಗೆ ಬರತೊಡಗಿದಳು. ಬರೀ ಮೂರು ಪುಟ! ಅದಕ್ಕೆಷ್ಟು ವಾರ ಬೇಕು? ಅವಳು ಹೇಳುತ್ತಿದ್ದಳು, ಅಳಿಸಿ ಅನ್ನುತ್ತಿದ್ದಳು. ಅವನು ಬೇಸರವಿಲ್ಲದೆ ಅಳಿಸುತ್ತಿದ್ದ. ಕೊನೆಗೆ ಪವಿತ್ರಾ ಹೇಳುವ ಒಂದೇ ಒಂದು ಮಾತು ಉಳಿಯಿತು.

"ಆ ಮಾತು ಮುಂದಿನ ವಾರ" ಎಂದಳು.

"ಅವಸರ ಏನಿಲ್ಲ ಬುಡಿ" ಎಂದ ಅವನು ನಕ್ಕು.

ಮುಗಿದರೆ ಬರೋಕೆ ನೆಪ ಎಲ್ಲಿ? ಹಾಗಂದುಕೊಂಡು ಬಸ್ಸಿನಲ್ಲಿ ತನಗೆ ತಾನೇ ನಾಚಿಕೊಂಡಳು.

ಆದರೆ ಮುಂದಿನ ವಾರ... ಅಂಗಡಿಯ ಮುಂದೆ ಬಿಳಿ ಕಾರು ನಿಂತಿತ್ತು. ಒಳಗೆ ವೀರಭದ್ರಸ್ವಾಮಿ! ಉಮಾಶಂಕರ ಅವರ ಕೈಗೆ ಒಂದು ಸಿ.ಡಿ. ಇಡುತ್ತಿದ್ದ. ಸ್ವಾಮಿಗಳು ಅವನ ಬೆನ್ನು ತಟ್ಟಿದರು.

ಕಾವ್ಯಶ್ರೀ ರಸ್ತೆಯಿಂದಲೇ ಹಿಂದಿರುಗಿದಳು. ಛೀ! ಒಬ್ಬ ಕಾಗದ ಉಳಿಸಲು ಕತ್ತರಿಸಿದ, ಇನ್ನೊಬ್ಬ ನಗುನಗುತ್ತಲೇ ಮಾರಿದ. ಇಂಥವನಿಗಾಗಿ ಹೊಸ ಸೀರೆ ಉಟ್ಟು ಬಂದೆನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು.

ಅವನ ಫೋನು ಬಂದಾಗಲೆಲ್ಲ ಕತ್ತರಿಸಿದಳು. ಹುಣಸೂರಿನ ಕಡೆ ತಲೆ ಹಾಕಲಿಲ್ಲ. ಸಿಟ್ಟೆಲ್ಲ ಹೊಲಿಗೆ ಮೆಷಿನ್ನಿನ ಮೇಲೆ ತೀರಿಸಿಕೊಂಡಳು.

ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬಳು ಬ್ಲೌಸಿನ ಬಟ್ಟೆ ಹಿಡಿದು ಅಂಗಡಿಗೆ ಬಂದಳು. ಸೊಪ್ಪಿನ ಅಂಟು ಹಿಡಿದು ಕೈಯೆಲ್ಲ ಕಪ್ಪಾಗಿತ್ತು.

"ಅಳತೆ ಆಮ್ಯಾಕೆ ತಕ್ಕೊ ಕಣವ್ವ. ಮೊದ್ಲು ಏಳು, ಆ ಉಡ್ಗಿ ರೈಲು ಅತ್ತುದ್ಲಾ, ಇಲ್ವಾ?"

ಕಾವ್ಯಶ್ರೀಯ ಕೈಯಿಂದ ಟೇಪು ಜಾರಿತು. ಉಮಾಶಂಕರ ಮಾತುಮಾತಿಗೆ ನೆನೆಯುತ್ತಿದ್ದ ಅವ್ವ ಬೀರಮ್ಮ ಇವಳೇ!

"ನಿಮ್ಮ ಮಗನ್ನೇ ಕೇಳಿ. ಮಾರಿದ್ದಾರಲ್ಲ!"

"ಮಾರಿದ್ನಾ?" ಬೀರಮ್ಮ ಗಹಗಹಿಸಿ ನಕ್ಕಳು. "ನಾನೂ ಅಲ್ಲೇ ಇದ್ದೆ ಕಣವ್ವ. ಆ ಮುದ್ಕ ಬಂದ. ಕಂಪೂಟ್ರಲ್ಲಿ ಜನ ಮುಗಿಬಿದ್ದು ಓದ್ತಾವ್ರೆ, ಬುಕ್ಕು ಮತ್ತೆ ಮಾಡ್ತೀನಿ, ನೀನು ಟೈಪ್ ಒಡ್ದಿರೋದ್ನ ಅಂಗೇ ಕೊಟ್ಬುಡು, ಟೈಪಿನ ಖರ್ಚೂ ಉಳೀತದೆ, ಬರ್ದೋಳ್ಗೆ ಏಳ್ಬ್ಯಾಡ ಅಂದ. ನಮ್ಮುಡ್ಗ ಊಂ ಅಂದು ಒಂದು ಸೀಡಿ ಕೊಟ್ಟ."

"ಮತ್ತೆ?"

"ಅದ್ರಲ್ಲಿ ಕತೆ ಎಲ್ಲೈತೆ? ಕೊನೆ ಕತ್ತರಿಸಿದೋನ್ಗೆ ಜನ ಬರ್ದವ್ರಲ್ಲ ಬೈಗ್ಳ, ಅದಷ್ಟೇ ತುಂಬಿ ಕೊಟ್ಟವ್ನೆ! ಜನ್ಮದಲ್ಲಿ ಒಂದ್ಸಲನಾದ್ರೂ ಏನಾರ ಓದ್ಲಿ ಅಂತ!"

ಕಾವ್ಯಶ್ರೀ ನಕ್ಕಳು. ನಗುತ್ತಲೇ ಅತ್ತಳು. ಅವನ ಒಂದು ಫೋನನ್ನಾದರೂ ಎತ್ತಬಾರದಿತ್ತೇ? ಅವನ ಪಾಲಿನ ಪುಟವನ್ನು ತಾನೇ ಕತ್ತರಿಸಿ ಎಸೆದಿದ್ದಳಲ್ಲ! ಅಂಗಡಿಗೆ ಬೀಗ ಹಾಕಿ ಬೀರಮ್ಮನ ಜೊತೆಗೇ ಬಸ್ ಹತ್ತಿದಳು.

ಅವರ ಊರಿನಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯ ಮುಂದೆ ಹೆಂಗಸರು ಸೊಪ್ಪು ಕಟ್ಟುತ್ತಿದ್ದರು. ಕಡ್ಡಿ ಎತ್ತಿಕೊಡುತ್ತಿದ್ದ ಉಮಾಶಂಕರ ಅವಳನ್ನು ಕಂಡು ನಿಂತೇಬಿಟ್ಟ.

"ಮೂರು ಪುಟ ನಿಮಗೆ ಕಳಿಸೋಣ ಅಂತಿದ್ದೆ" ಎಂದ ತಗ್ಗಿದ ದನಿಯಲ್ಲಿ. "ಕಾದಂಬರೀನ ಬ್ಲಾಗಿಂದ ತೆಗೀಬೇಕು ಅಂದರೆ ತೆಗೀತೀನಿ. ನಿಮ್ಮ ಕತೆ, ನಿಮ್ಮ ಇಷ್ಟ."

ಅವಳು ಹೆಂಗಸರ ನಡುವೆ ಕುಳಿತು ಕಥೆ ಹೇಳತೊಡಗಿದಳು. ರೈಲು ಬಂತು. ಪವಿತ್ರಾ ಟ್ರಂಕು ಎತ್ತಿಕೊಂಡಳು. ಮೆಟ್ಟಿಲ ಮೇಲೆ ಕಾಲಿಟ್ಟಳು... ಮತ್ತೆ ಇಳಿದಳು. ಹೊಲದ ದಾರಿ ಹಿಡಿದು ಆ ಹುಡುಗನ ಮನೆಯ ಮುಂದೆ ಬಂದು ನಿಂತಳು.

"ಏನಂದ್ಲು? ಏನಂದ್ಲು?" ಹೆಂಗಸರ ಕೈ ನಿಂತಿತ್ತು.

ಅಷ್ಟರಲ್ಲಿ ರಸ್ತೆಯಲ್ಲಿ ಪಿರಿಯಾಪಟ್ಟಣದ ಬಸ್ಸು ಹಾರ್ನ್ ಹೊಡೆಯಿತು.

"ನಿಮ್ಮ ಬಸ್ಸು..." ಎಂದ ಉಮಾಶಂಕರ.

ಕಾವ್ಯಶ್ರೀ ಕುಳಿತಲ್ಲಿಂದ ಏಳಲಿಲ್ಲ. ಬಸ್ಸು ಒಂದು ಕ್ಷಣ ಕಾದು, ಧೂಳೆಬ್ಬಿಸಿ ಹೊರಟುಹೋಯಿತು.

"ಬ್ಯಾಗ್ನೆ ಕತೆ ಏಳವ್ವ, ಇದ್ನೂ ಯಾರಾರ ಕತ್ತರಿಸ್ಬುಟ್ಟಾರು!" ಎಂದಳು ಬೀರಮ್ಮ.

ಕಾವ್ಯಶ್ರೀ ತಲೆ ಎತ್ತಿ ಅವನನ್ನೇ ನೋಡಿದಳು.

"ಹೋಗೋಕೆ ಅಂತಲೇ ಹೊರಟಿದ್ದೆ. ನೀವಿಲ್ಲದ ಕಡೆ ನನಗೇನು ಕೆಲಸ ಅನ್ನಿಸಿತು. ಇಲ್ಲೇ ಇರ್ತೀನಿ... ಇರಲಾ?"

ಅವನು ಸೊಪ್ಪಿನ ಅಂಟು ಮೆತ್ತಿದ್ದ ಕೈ ಒರೆಸಿಕೊಂಡ.

"ಇರಿ" ಎಂದ. "ಈ ಮಾತು... ಇದೇ ಟೈಪ್ ಮಾಡ್ಲಾ?"

"ಬೇಡ. ಪವಿತ್ರಾಗೆ ಬೇರೆ ಬರೀತೀನಿ. ಇದು ನಿಮಗೆ."